ಶಾವಿಗೆ ಅಂದರೆ

ಜೂನ್ 2, ಸೋಮವಾರ

ಹೊಸ ಮಾತು: ಇಲ್ಲ.

ಮನೆಯವಳ ಬಾಯಿಂದ ದಿನಾ ಏನೇನು ಮಾತು ಬರುತ್ತದೆಂದು ಬರೆದಿಡಬೇಕಂತೆ. ಹಾಗೆಂದವರು ಮಾತು ಕಲಿಸಲು ಮನೆಗೆ ಬರುವ ಮೇಡಂ. ನಾನು ಅವರನ್ನು ಮಾತಿನ ಮೇಡಂ ಎನ್ನುತ್ತೇನೆ. ದಾರದ ಕಂಪನಿಯವರು ಅಂಗಡಿಗೆ ಕೊಟ್ಟ ಡೈರಿ ಖಾಲಿ ಬಿದ್ದಿತ್ತು, ತೆಗೆದುಕೊಂಡೆ. ಆದರೆ ಬರುವುದು ಒಂದೇ ಮಾತು. ಒಂದು ಮಾತಿಗೆ ಇಡೀ ಒಂದು ಹಾಳೆ. ಜೀವಮಾನವೆಲ್ಲ ಬಟ್ಟೆ ಕತ್ತರಿಸಿದವನಿಗೆ ಇಷ್ಟು ಜಾಗ ದಂಡವಾಗುವುದನ್ನು ನೋಡಲಾಗುವುದಿಲ್ಲ. ಮೇಡಂಗೆ ಬೇಕಾದ್ದನ್ನು ಬೇರೆ ಚೀಟಿಯಲ್ಲಿ ಕೊಡುತ್ತೇನೆ. ಇಲ್ಲಿ ನನ್ನದೇ ಏನಾದರೂ ಗೀಚಿಕೊಳ್ಳುತ್ತೇನೆ, ಯಾರೂ ಓದುವವರಿಲ್ಲ.

ಆ ಒಂದು ಮಾತು ಶಾವಿಗೆ.

ಅವತ್ತು ಅವಳು ಪಾಯಸಕ್ಕೆಂದು ತುಪ್ಪದಲ್ಲಿ ಶಾವಿಗೆ ಹುರಿಯುತ್ತಿದ್ದಳು. ನಾನು ಮುಂದಿನ ಕೋಣೆಯಲ್ಲಿ, ಅಂದರೆ ಅಂಗಡಿಯಲ್ಲಿ, ಗಿರಾಕಿಯೊಬ್ಬರ ಕೋಟಿಗೆ ತೋಳು ಕೂಡಿಸುತ್ತಿದ್ದೆ. "ರೀ, ಶಾವಿಗೆ..." ಎಂದಳು. ಮುಂದಿನದು ಬರಲಿಲ್ಲ. ಬಾಣಲೆ ಬಿದ್ದ ಸದ್ದು ಕೇಳಿತು. ಮೆದುಳಿನ ರಕ್ತನಾಳ ಕಟ್ಟಿಕೊಂಡಿದೆ ಎಂದರು ಆಸ್ಪತ್ರೆಯಲ್ಲಿ. ಜೀವ ಉಳಿಯಿತು. ಈಗ ನಡೆಯುತ್ತಾಳೆ, ಊಟ ಮಾಡುತ್ತಾಳೆ, ಹೇಳಿದ್ದೆಲ್ಲ ಅರ್ಥವಾಗುತ್ತದೆ. ಬಲಗೈಯಲ್ಲಿ ಶಕ್ತಿ ಕಡಿಮೆ. ಮಾತು ಮಾತ್ರ ಹೋಗಿದೆ, ಅರ್ಧಕ್ಕೆ ನಿಂತ ಆ ಶಾವಿಗೆಯೊಂದು ನಾಲಿಗೆಯ ಮೇಲೆ ಉಳಿದಿದೆ. ನೀರು ಬೇಕಾದರೂ ಶಾವಿಗೆ, ಫ್ಯಾನು ಬೇಡವಾದರೂ ಶಾವಿಗೆ. ಕನ್ನಡಿ ನೋಡಿಕೊಂಡು ಅತ್ತಾಗಲೂ ಶಾವಿಗೆ ಎಂದೇ ಅತ್ತಳು. ಕೆಲವರಿಗೆ ಹೀಗೆ ಒಂದೇ ಮಾತು ಉಳಿಯುವುದುಂಟು ಎಂದರು ಮೇಡಂ.

ಈ ಮನೆಯ ಮಾತೆಲ್ಲ ಅವಳದೇ ಆಗಿತ್ತು. ಗಿರಾಕಿಗಳ ಹತ್ತಿರ, ಹಾಲಿನವನ ಹತ್ತಿರ, ಗೋಡೆಯ ಗಡಿಯಾರದ ಹತ್ತಿರ ಕೂಡ ಮಾತಾಡುತ್ತಿದ್ದಳು. ನನ್ನ ಬಾಯಲ್ಲಿ ಸದಾ ಗುಂಡುಪಿನ್ನು. "ಇವರ ಬಾಯಿ ತೆಗೆಸಿದರೆ ಪಿನ್ನು ಉದುರುತ್ತೆ, ಮಾತು ಉದುರಲ್ಲ" ಎಂದು ಬಂದವರನ್ನು ನಗಿಸುತ್ತಿದ್ದಳು. ಮನೆ ಈಗ ಎಷ್ಟು ಸದ್ದಿಲ್ಲದೆ ಇದೆಯೆಂದರೆ, ಮಿಷನ್ನಿನ ಪೆಡಲು ಕಿರುಗುಟ್ಟುತ್ತದೆಂದು ನನಗೆ ಇವತ್ತು ಗೊತ್ತಾಯಿತು.

ಜೂನ್ 4, ಬುಧವಾರ

ಹೊಸ ಮಾತು: ಇಲ್ಲ.

ಅತ್ತಿಗೆ ತಮ್ಮ ಊರಿಗೆ ಹೊರಟರು. ಅತ್ತಿಗೆ ಎಂದರೆ ಇವಳ ಅಕ್ಕ. ಆಸ್ಪತ್ರೆಯಿಂದ ಬಂದಾಗಿನಿಂದ ಇಲ್ಲೇ ಇದ್ದು ನಮ್ಮಿಬ್ಬರನ್ನೂ ಸಾಕಿದರು, ಇಬ್ಬರನ್ನೂ ಗದರಿಸಿದರು. ಬ್ಯಾಗಿನ ಜಿಪ್ಪು ಎಳೆಯುತ್ತಾ ನನ್ನನ್ನು ಅಡುಗೆಮನೆಗೆ ಕರೆದರು.

"ಮುಚ್ಚುಮರೆ ಇಲ್ಲದೆ ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ನೀನು ಒಳ್ಳೆಯವನು. ಆದರೆ ನಿನ್ನ ಜೊತೆ ಇದ್ದರೆ ಮಾತು ಬರೋರಿಗೂ ಮರೆತುಹೋಗುತ್ತೆ. ಇನ್ನು ಮಾತು ಹೋದವಳ ಗತಿ ಏನು?"

ನಾನು ಹೂಂ ಎಂದೆ.

"ನೋಡಿದ್ಯಾ, ಇಷ್ಟೇ ನೀನು. ನಮ್ಮನೇಲಿ ಮಗ, ಸೊಸೆ, ಮೊಮ್ಮಕ್ಕಳು, ಬೆಳಗಾದರೆ ಗಲಾಟೆ. ಅಲ್ಲಿದ್ದರೆ ಅವಳ ನಾಲಿಗೆ ತಿರುಗುತ್ತೆ. ಈ ತಿಂಗಳ ಕೊನೇ ಭಾನುವಾರ ಕಾರು ತಗೊಂಡು ಬರ್ತೀನಿ. ಅಷ್ಟರೊಳಗೆ ಒಂದೇ ಒಂದು ಹೊಸ ಮಾತು ಬಂದಿದ್ದರೆ ಇಲ್ಲೇ ಇರಲಿ. ಇಲ್ಲ ಅಂದರೆ ಕರ್ಕೊಂಡು ಹೋಗ್ತೀನಿ. ಸರೀನಾ?"

ಸರಿ ಎಂದೆ. ಅವರು ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ. ಇವಳಿಗೆ ಒಳ್ಳೆಯದಾಗುವುದಾದರೆ ಹೋಗಲಿ. ನನಗೇನು, ಅಂಗಡಿಯಿದೆ, ಕತ್ತರಿಯಿದೆ.

ಜೂನ್ 5, ಗುರುವಾರ

ಹೊಸ ಮಾತು: ಇಲ್ಲ.

ಬೆಳಗಿನಿಂದ ಶಾವಿಗೆ ಶಾವಿಗೆ ಎನ್ನುತ್ತಲೇ ಇದ್ದಳು. ತಲೆ ಚಿಟ್ಟುಹಿಡಿದು ಕುಳಿತಿದ್ದಾಗ ಹೊಳೆಯಿತು. ಅವತ್ತು ಆ ಪಾಯಸ ಆಗಲೇ ಇಲ್ಲವಲ್ಲ. ಆಸೆ ಅಲ್ಲೇ ಸಿಕ್ಕಿಕೊಂಡಿದೆ. ಒಮ್ಮೆ ಮಾಡಿ ತಿನ್ನಿಸಿಬಿಟ್ಟರೆ ಆ ಮಾತಿನ ಕೆಲಸ ಮುಗಿದು, ಹಿಂದೆ ನಿಂತ ಮಾತುಗಳಿಗೆ ಅದು ದಾರಿ ಬಿಡಬಹುದು. ಮೇಡಂಗೆ ಹೊಳೆಯದ್ದು ನನಗೆ ಹೊಳೆಯಿತೆಂದು ಸ್ವಲ್ಪ ಹೆಮ್ಮೆಯೂ ಆಯಿತು.

ಮಾಡುವ ಬಗೆ ಕೇಳಲು ಅತ್ತಿಗೆಗೆ ಫೋನು ಮಾಡಿದೆ.

"ಹಾಲು ಎಷ್ಟು?"

"ಹಿಡಿಯೋವಷ್ಟು."

"ಎಷ್ಟು ಹೊತ್ತು ಹುರೀಬೇಕು?"

"ಹದ ಬರೋವರೆಗೂ."

"ಹದ ಅಂದರೆ?"

"ಹದ ಅಂದರೆ ಹದ ಕಣಪ್ಪ. ಅದನ್ನೇನು ಬಿಡಿಸಿ ಹೇಳೋದು?"

ಯಾರಾದರೂ ಅಂಗಡಿಗೆ ಬಂದು, ಸೊಂಟ ಹದವಾಗಿರಲಿ, ಕಾಲು ಹಿಡಿಯುವಷ್ಟಿರಲಿ ಎಂದರೆ ನಾನು ಪ್ಯಾಂಟು ಹೊಲಿಯುವುದು ಹೇಗೆ? ಹದ ಎಂದರೇನೆಂದು ತಿಳಿಯದ ಕಾರಣ ಹುರಿಯುವುದನ್ನೇ ಕೈಬಿಟ್ಟೆ.

ಪೊಟ್ಟಣ ಬಿಚ್ಚಿದರೆ ಮೊಳದುದ್ದದ ಎಳೆಗಳು. ಮುರಿದು ಹಾಕು ಎಂದಿದ್ದರು ಅತ್ತಿಗೆ. ಮುರಿದರೆ ಒಂದೊಂದು ಒಂದೊಂದು ಅಳತೆ ಬರುತ್ತಿತ್ತು, ಮನಸ್ಸು ಒಪ್ಪಲಿಲ್ಲ. ಕತ್ತರಿಸುವ ಮೇಜಿನ ಮೇಲೆ ಕಾಗದ ಹಾಸಿ, ಎಳೆಗಳನ್ನು ಸಾಲಾಗಿ ಜೋಡಿಸಿ, ಟೇಪು ಹಿಡಿದು, ಕಾಗದದ ಅಂಚಿಗೆ ಸೀಮೆಸುಣ್ಣದ ಗುರುತು ಹಾಕಿ, ತೊಳೆದ ದೊಡ್ಡ ಕತ್ತರಿಯಲ್ಲಿ ಎರಡೆರಡು ಇಂಚಿಗೆ ಕತ್ತರಿಸಿದೆ. ಅಂಚು ನೇರವಾಗಿ ಬಂತು. ತಲೆ ಎತ್ತಿ ನೋಡಿದರೆ ಅವಳು ಬಾಗಿಲಲ್ಲಿ ನಿಂತಿದ್ದಾಳೆ. ಬಾಯಿಯ ಒಂದು ಬದಿ ಅದುರಿತು, ಆಮೇಲೆ ಭುಜ ಕುಲುಕಿತು. ನಗುತ್ತಿದ್ದಳು. ಆಸ್ಪತ್ರೆಯಿಂದ ಬಂದ ಮೇಲೆ ಇದೇ ಮೊದಲು. ಅವಳು ನಕ್ಕಿದ್ದಕ್ಕೆ ನನಗೆ ಆದ ಸಂತೋಷಕ್ಕೆ ಯಾವ ಟೇಪೂ ಸಾಲದು.

ಪಾಯಸದ ವಿಷಯ ಬರೆಯದಿದ್ದರೆ ಒಳ್ಳೆಯದು. ಕಾಲರಿಗೆ ಹಚ್ಚುವ ಗಂಜಿ ಅದಕ್ಕಿಂತ ತೆಳು. ಎರಡು ಚಮಚ ತಿಂದು, ಶಾವಿಗೆ ಎಂದು ಬಟ್ಟಲನ್ನು ಪಕ್ಕಕ್ಕಿಟ್ಟಳು. ಮಾತು ದಾರಿ ಬಿಡಲಿಲ್ಲ.

ಜೂನ್ 8, ಭಾನುವಾರ

ಹೊಸ ಮಾತು: ಇಲ್ಲ.

ಮತ್ತೆ ಮಾಡಿದೆ. ಈ ಸಲ ಹುರಿದೆ. ಅರ್ಧ ಕಪ್ಪಾಯಿತು, ಅರ್ಧ ಬಿಳಿಯಾಗಿಯೇ ಉಳಿಯಿತು. ಸಕ್ಕರೆ ಮುಗಿದಿತ್ತೆಂದು ಕುದಿಯುವ ಹಾಲಿಗೇ ಬೆಲ್ಲ ಹಾಕಿದೆ. ಹಾಲು ಒಡೆದು ನೀರೊಂದು ಕಡೆ, ಗಟ್ಟಿಯೊಂದು ಕಡೆ ಆಯಿತು. ಬೆಲ್ಲ ಹಾಕುವ ಮೊದಲು ಒಲೆ ಆರಿಸಿ ಸ್ವಲ್ಪ ತಣಿಯಲು ಬಿಡಬೇಕಿತ್ತಂತೆ. ಇದನ್ನು ಅತ್ತಿಗೆ ಆಮೇಲೆ ಹೇಳಿದರು, ಬಿದ್ದು ಬಿದ್ದು ನಕ್ಕ ಮೇಲೆ.

ಅವಳು ನಗಲಿಲ್ಲ. ಪಾತ್ರೆಯನ್ನೇ ನೋಡುತ್ತಾ ಕುಳಿತಳು.

ಜೂನ್ 10, ಮಂಗಳವಾರ

ಹೊಸ ಮಾತು: ಇಲ್ಲ.

ಮಾತಿನ ಮೇಡಂ ಸ್ಕೂಟರಿನಲ್ಲಿ ಬಂದರು. ಇನ್ನೂ ಚಿಕ್ಕ ವಯಸ್ಸು, ತಾಳ್ಮೆ ಮಾತ್ರ ಬಹಳ. ಬೆಕ್ಕು, ಕೊಡೆ, ಬಾಳೆಹಣ್ಣಿನ ಚಿತ್ರ ತೋರಿಸಿದರು. ಬೆಕ್ಕು ಶಾವಿಗೆ, ಕೊಡೆ ಶಾವಿಗೆ. ಬಾಳೆಹಣ್ಣಿಗೆ ಬರುವಷ್ಟರಲ್ಲಿ ಇವಳ ಕಣ್ಣಲ್ಲಿ ನೀರು. ಅದು ಶಾವಿಗೆಯಲ್ಲ ಎಂದು ಅವಳಿಗೇ ಗೊತ್ತು. ಗೊತ್ತಿದ್ದೂ ಅದೇ ಬರುತ್ತದೆ. ಅದು ಎಂಥ ಸಂಕಟವೋ.

ಹೊರಡುವಾಗ ನನ್ನ ಪಾಯಸದ ಪ್ರಯೋಗ ಹೇಳಿದೆ. ಮೇಡಂ ನಗಲಿಲ್ಲ, ಅಷ್ಟರಮಟ್ಟಿಗೆ ಒಳ್ಳೆಯವರು.

"ಅವರಿಗೆ ಪಾಯಸ ಬೇಕು ಅಂತ ಅಲ್ಲ ಸರ್. ಬೇರೆ ಏನೋ ಹೇಳೋಕೆ ಹೋಗ್ತಾರೆ, ಬಾಯಿಗೆ ಅದು ಬರುತ್ತೆ. ನೀವು ಅವರ ಜೊತೆ ಮಾತಾಡ್ತಾ ಇರಿ. ಕಿವಿಗೆ ಮಾತು ಬೀಳ್ತಾ ಇರಬೇಕು."

"ಏನು ಮಾತಾಡಲಿ?"

"ಏನಾದರೂ. ನೀವು ಏನು ಮಾಡ್ತಾ ಇದ್ದೀರೋ ಅದನ್ನೇ ಹೇಳಿ."

ಅವರು ಹೋದ ಮೇಲೆ ಅವಳನ್ನು ಅಂಗಡಿಯ ಕುರ್ಚಿಯಲ್ಲಿ ಕೂರಿಸಿಕೊಂಡೆ. ಪಿನ್ನು ಬಾಯಿಂದ ತೆಗೆದು ಪಿನ್ನಿನ ದಿಂಬಿಗೆ ಚುಚ್ಚಿದೆ. ಏನು ಮಾತಾಡುವುದೆಂದು ಗೊತ್ತಾಗದೆ ಅಳತೆ ಪುಸ್ತಕ ತೆಗೆದು ಜೋರಾಗಿ ಓದಿದೆ. ಸೊಂಟ ಮೂವತ್ತೆಂಟು, ಉದ್ದ ನಲವತ್ತು, ತೊಡೆ ಇಪ್ಪತ್ತೈದು. ಇದು ಮೂಲೆ ಮನೆಯ ಡ್ರೈವರಿನದು, ಹೋದ ಸಲ ಮೂವತ್ತಾರಿತ್ತು, ಬಟ್ಟೆ ಕುಗ್ಗಿದೆ ಎಂದು ನನ್ನ ಮೇಲೆ ಹಾಕುತ್ತಾನೆ ಎಂದೆ. ಅವಳು ಶಾವಿಗೆ ಎಂದಳು. ಹೌದು, ಬಟ್ಟೆ ಕುಗ್ಗಿಲ್ಲ, ಅವನೇ ಹಿಗ್ಗಿದ್ದಾನೆ ಎಂದೆ. ಬೇರೇನು ಹೇಳಲಿ.

ಜೂನ್ 13, ಶುಕ್ರವಾರ

ಹೊಸ ಮಾತು: ಇಲ್ಲ.

ಬರೆಯುವಂಥದ್ದೇನೂ ಇಲ್ಲ. ಅಳತೆ ಪುಸ್ತಕ ಪೂರ್ತಿ ಓದಿ ಮುಗಿಯಿತು.

ಜೂನ್ 16, ಸೋಮವಾರ

ಹೊಸ ಮಾತು: ಇಲ್ಲ.

ಒಂದು ಸಂಗತಿ ಗಮನಿಸಿದೆ. ನೀರಿನ ಶಾವಿಗೆ ಬೇರೆ, ಫ್ಯಾನಿನ ಶಾವಿಗೆ ಬೇರೆ.

ಬೆಳಿಗ್ಗೆ ಗುಂಡಿ ಕಟ್ಟುತ್ತಾ ಕುಳಿತಿದ್ದೆ. ಒಳಗಿನಿಂದ ಶಾವಿಗೇ ಎಂದು ಕೊನೆಗೆ ಎಳೆದಂತೆ ಕೇಳಿತು. ಕೈಗೆ ಲೋಟ ಎತ್ತಿಕೊಂಡು ಹೋದೆ, ಗಟಗಟ ಕುಡಿದಳು. ಲೋಟವನ್ನೇ ಏಕೆ ಎತ್ತಿಕೊಂಡೆ ಎಂದು ಆಮೇಲೆ ಯೋಚಿಸಿದೆ. ಎಳೆದರೆ ಬಾಯಾರಿಕೆ. ಚುಟುಕಾಗಿ ಕಡಿದಂತೆ ಅಂದರೆ ಬೇಡ, ಸಾಕು, ತೆಗೆಯಿರಿ. ಎರಡು ಸಲ ಮೆತ್ತಗೆ ಅಂದರೆ ಬೆನ್ನು ನೋಯುತ್ತಿದೆ, ದಿಂಬು ಸರಿಮಾಡಿ. ಮೊದಲ ಅಕ್ಷರಕ್ಕೆ ಒತ್ತು ಕೊಟ್ಟು, ಕೊನೆಯದನ್ನು ಮೇಲಕ್ಕೆತ್ತಿ ಅಂದರೆ ಅದು ನಾನು. ಮೊದಲು ರೀ ಎಂದು ಕರೆಯುವಾಗಲೂ ಹಾಗೇ ಮೇಲಕ್ಕೆತ್ತುತ್ತಿದ್ದಳು.

ಮೇಡಂಗೆ ಹೇಳಬೇಕೆಂದುಕೊಂಡು ಬಿಟ್ಟೆ. ಇದು ಹೊಸ ಮಾತಿನ ಲೆಕ್ಕಕ್ಕೆ ಬರುವುದಿಲ್ಲ.

ಜೂನ್ 20, ಶುಕ್ರವಾರ

ಹೊಸ ಮಾತು: ಇಲ್ಲ.

ಇವತ್ತು ಅವಳೇ ಅಡುಗೆಮನೆಗೆ ಹೋಗಿ, ಎಡಗೈಯಲ್ಲಿ ಡಬ್ಬ ತಟ್ಟಿ ತೋರಿಸಿ ಶಾವಿಗೆ ಎಂದಳು. ಇದು ಮಾತ್ರ ನಿಜವಾದ ಶಾವಿಗೆ. ಬೇಡ ಕಣೆ, ಎರಡು ಸಲ ಮರ್ಯಾದೆ ಹೋಗಿದೆ ಎಂದೆ. ಕೇಳಲಿಲ್ಲ. ಕುರ್ಚಿ ಎಳೆಸಿಕೊಂಡು ಒಲೆಯ ಪಕ್ಕ ಕುಳಿತಳು.

ಕತ್ತರಿ ಮುಟ್ಟಲು ಬಿಡಲಿಲ್ಲ. ಕೈಯಲ್ಲೇ ಮುರಿದೆ. ತುಪ್ಪ ಕಾಯಿತು, ಶಾವಿಗೆ ಸುರಿದೆ. ಕೂಡಲೇ ಶಾವಿಗೆ ಎಂದು ಚುಟುಕಾಗಿ ಕಡಿದಳು, ಕೈ ಕೆಳಗೆ ಮಾಡಿದಳು. ಉರಿ ತಗ್ಗಿಸಿದೆ. ಶಾವಿಗೆ ಎಂದು ಬೆರಳು ಸುತ್ತಿಸಿದಳು. ತಳದಿಂದ ಕೆದಕಿ ಕೆದಕಿ ತಿರುವಿದೆ. ಹಾಗೇ ತಿರುವಿ, ನಿಲ್ಲಿಸಬೇಡಿ ಅಂದಳು. ಎಳೆಗಳು ಹೊಸ ಖಾಕಿ ಬಟ್ಟೆಯ ಬಣ್ಣಕ್ಕೆ ಬಂದವು, ಇಳಿಸಲಾ ಎಂದೆ. ಇನ್ನೂ ಸ್ವಲ್ಪ ಇರಲಿ ಅಂದಳು. ಖಾಕಿ ಸ್ವಲ್ಪ ಹಳತಾಯಿತು. ಆಗ ಸಾಕು, ಇಳಿಸಿ ಅಂದಳು. ಹದ ಎಂದರೆ ಇದು. ಅತ್ತಿಗೆ ಇದನ್ನು ಹೇಳಿದ್ದರೆ ಆಗುತ್ತಿರಲಿಲ್ಲವೇ.

ಹಾಲು ಉಕ್ಕಿತು. ಬಾಣಲೆಯಲ್ಲಿದ್ದದ್ದನ್ನೆಲ್ಲ ಅದಕ್ಕೆ ಸುರಿಯಲು ಹೋದೆ. ನನ್ನ ಮಣಿಕಟ್ಟು ಹಿಡಿದುಬಿಟ್ಟಳು.

"ಯಾಕೆ, ಹಾಲು ಇನ್ನೂ ಕುದೀಬೇಕಾ?"

ಶಾವಿಗೆ.

"ಸಕ್ಕರೆ ಮೊದಲು ಹಾಕ್ಬೇಕಾ?"

ತಲೆ ಚಚ್ಚಿಕೊಂಡಳು. ಸಕ್ಕರೆ ಮೊದಲೇ ಹಾಕಿದರೆ ಎಳೆ ಬೇಯುವುದಿಲ್ಲ, ಅಷ್ಟೂ ಗೊತ್ತಿಲ್ಲವೇ ಎಂಬ ಧಾಟಿ. ಮತ್ತೇನೆಂದು ಕೇಳಿದರೆ ಅದೇ ಮಾತು, ಇನ್ನೂ ಜೋರಾಗಿ. ನನಗೂ ಸಿಟ್ಟು ಬಂತು, ಅವಳಿಗೂ ಬಂತು. ಹಾಲು ಮತ್ತೊಮ್ಮೆ ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಕೊನೆಗೆ ಅವಳೇ ಎಡಗೈಯಲ್ಲಿ ಚಮಚ ತೆಗೆದುಕೊಂಡು, ನೆಲಕ್ಕೆ ಅರ್ಧ ಉದುರಿಸಿ, ಒಂದು ಹಿಡಿಯಷ್ಟು ಹುರಿದ ಶಾವಿಗೆಯನ್ನು ಬೇರೆ ಬಟ್ಟಲಿಗೆ ಹಾಕಿ ಮುಚ್ಚಿಟ್ಟಳು. ಇದು ಆಮೇಲಕ್ಕೆ ಅಂದಳು.

ಪಾಯಸ ಆದ ಮೇಲೆ ಆ ಹಿಡಿಯನ್ನು ಇನ್ನೊಂದು ಚಮಚ ತುಪ್ಪದಲ್ಲಿ ಗರಿಗರಿಯಾಗುವಂತೆ ಮತ್ತೆ ಹುರಿಸಿ, ಬಟ್ಟಲಿಗೆ ಬಡಿಸಿದ ಮೇಲೆ ಉದುರಿಸಿದಳು. ಇಷ್ಟು ವರ್ಷ ಹಲ್ಲಿಗೆ ಕರುಕುರು ಸಿಗುತ್ತಿದ್ದದ್ದು ಗೋಡಂಬಿ ಎಂದುಕೊಂಡು ತಿಂದಿದ್ದೆ.

"ನಿಮ್ಮಕ್ಕನಿಗೆ ಗೊತ್ತಾ ಇದು?" ಎಂದೆ.

ಅವಳಿಗೆ ಯಾಕೆ ಹೇಳಲಿ ಅಂದಳು.

ಇಬ್ಬರೂ ಎರಡೆರಡು ಬಟ್ಟಲು ತಿಂದೆವು. ಪಾಯಸ ಅವಳದೇ. ಕೈ ಮಾತ್ರ ನನ್ನದು.

ಜೂನ್ 24, ಮಂಗಳವಾರ

ಹೊಸ ಮಾತು: ಇಲ್ಲ.

ಮೇಡಂ ಬಂದಿದ್ದರು. ಹೊಸದಾಗಿ ಏನಾದರೂ ಬಂತಾ ಎಂದರು. ಇಲ್ಲ ಎಂದು ಚೀಟಿ ಕೊಟ್ಟೆ.

"ಆದರೆ ಬಾಳೆಹಣ್ಣಿನ ಚಿತ್ರ ಮತ್ತೆ ತೋರಿಸಬೇಡಿ ಮೇಡಂ. ಅದು ಅವಳಿಗೆ ಇಷ್ಟ ಇಲ್ಲ. ಬೆಕ್ಕಿನ ಚಿತ್ರದಲ್ಲಿ ಬೆಕ್ಕಿಗೆ ಒಂದು ಮೀಸೆ ಕಡಿಮೆ ಇದೆ, ಚಿತ್ರ ಬರೆದವರು ಯಾರು ಅಂತ ಕೇಳಿದಳು."

"ಕೇಳಿದರಾ?"

"ಕೇಳಿದಳು."

ಮೇಡಂ ಚಿತ್ರ ತೆಗೆದು ನೋಡಿದರು. ಒಂದು ಕಡೆ ಮೀಸೆ ಕಡಿಮೆ ಇತ್ತು. ಇವಳ ಮುಖ ನೋಡಿದರು, ನನ್ನ ಮುಖ ನೋಡಿದರು, ಏನೋ ಬರೆದುಕೊಂಡರು. ನಾನು ಅವರಿಗೆ ಚಹಾ ತಂದೆ. ಡ್ರೈವರಿನ ಪ್ಯಾಂಟಿನ ವಿಷಯ, ಎದುರು ಬೀದಿಯ ಬೇಕರಿಯವನು ಮದುವೆ ಸೂಟಿಗೆ ನೇರಳೆ ಬಣ್ಣ ಬೇಕೆಂದು ಹಟ ಹಿಡಿದದ್ದು, ಇವಳು ಅದಕ್ಕೆ ಮೂಗು ಮುರಿದದ್ದು, ಎಲ್ಲ ಹೇಳಿದೆ. ಮೇಡಂ ಹೊರಡುವುದು ತಡವಾಯಿತು. ಪಾಪ, ಅವರಿಗೆ ಎದ್ದು ಹೋಗಲು ಸಂಕೋಚವೇನೋ.

ಜೂನ್ 26, ಗುರುವಾರ

ಹೊಸ ಮಾತು: ಇಲ್ಲ.

ಅತ್ತಿಗೆಯ ಫೋನು. ಭಾನುವಾರ ಬೆಳಿಗ್ಗೆಯೇ ಬರುತ್ತಾರೆ, ಬಟ್ಟೆ ಜೋಡಿಸಿಡಬೇಕಂತೆ. ಅವರ ಮನೆಯಲ್ಲಿ ಕೋಣೆಗೆ ಸುಣ್ಣ ಹೊಡೆಸಿದ್ದಾರಂತೆ. ಹೂಂ ಎಂದೆ. ಫೋನಿಟ್ಟ ಮೇಲೆ ಕತ್ತರಿ ಹಿಡಿದೆ. ಬೇಕರಿಯವನ ನೇರಳೆ ಬಟ್ಟೆಯನ್ನು ಗುರುತಿನ ಒಳಗೆ ಕತ್ತರಿಸಿಬಿಟ್ಟೆ. ಹೀಗೆ ಬಟ್ಟೆ ಹಾಳು ಮಾಡಿದವನಲ್ಲ ನಾನು.

ಅವಳು ಹೋಗುವುದು ನನಗೆ ಇಷ್ಟವಿಲ್ಲ. ಬರೆದೇಬಿಟ್ಟೆ. ಆದರೆ ಅಲ್ಲಿ ಅವಳಿಗೆ ಮಾತು ಬರುವುದಾದರೆ ತಡೆಯಲು ನಾನು ಯಾರು? ನನ್ನ ಆಸೆಗೆ ಅವಳನ್ನು ಮೂಗಿಯಾಗಿ ಇಟ್ಟುಕೊಳ್ಳಲೇ?

ಜೂನ್ 27, ಶುಕ್ರವಾರ

ಬೆಳಿಗ್ಗೆ ಅವಳಿಗೆ ಹೇಳಿದೆ. ನಿಮ್ಮಕ್ಕನ ಮನೆಗೆ ಹೋಗು, ಅಲ್ಲಿ ನಾಲ್ಕು ಜನ ಇರ್ತಾರೆ, ನಿನಗೆ ಒಳ್ಳೆಯದು, ನಾನು ಆಗಲೇ ಸರಿ ಅಂದಿದ್ದೀನಿ ಎಂದೆ.

ಗೋಡೆಯ ಕಡೆ ತಿರುಗಿ ಮಲಗಿದಳು.

ಇವತ್ತು ಶಾವಿಗೆಯೂ ಇಲ್ಲ.

ಜೂನ್ 28, ಶನಿವಾರ

ಮಧ್ಯಾಹ್ನದವರೆಗೆ ಒಂದೂ ಮಾತಿಲ್ಲ. ನೀರು ಬೇಕೆಂದೂ ಕೇಳಲಿಲ್ಲ, ಲೋಟ ಇಟ್ಟರೆ ಕುಡಿದಳು. ಆ ಒಂದು ಮಾತೂ ಇಲ್ಲದ ಮನೆಯಲ್ಲಿ ನನಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ.

ಬಟ್ಟೆ ಜೋಡಿಸಲು ಪೆಟ್ಟಿಗೆ ತೆಗೆದೆ. ಎರಡು ಸೀರೆ ಇಟ್ಟೆ, ಮೂರನೆಯದನ್ನು ಮಡಿಸುತ್ತಾ ಅವಳ ಪಕ್ಕ ಕುಳಿತೆ. ಹೋಗಬೇಡ ಎನ್ನಬೇಕೆಂದು ಬಾಯಿ ತೆಗೆದೆ. "ಫ್ಯಾನು ಜೋರಾಯ್ತಾ?" ಎಂದು ಬಂತು. ಇನ್ನೊಮ್ಮೆ ಪ್ರಯತ್ನಿಸಿದೆ. "ಹೊರಗೆ ಹಾಕಿದ ಬಟ್ಟೆ ಒಣಗಿದೆಯೋ ಏನೋ" ಎಂದೆ. ಹೇಳಬೇಕಾದ ಮಾತು ಗಂಟಲಲ್ಲೇ ಇದೆ, ಬಾಯಿಗೆ ಬರುವುದೆಲ್ಲ ಬೇರೆ. ನನಗೆ ನಾಚಿಕೆಯಾಯಿತು. ಕಣ್ಣೂ ತುಂಬಿತು, ಸುಳ್ಳೇಕೆ ಹೇಳಲಿ. ಇವಳಿಗೆ ದಿನವಿಡೀ ಇದೇ ಗತಿಯಲ್ಲವೇ ಎನ್ನಿಸಿತು.

ಅವಳು ಈ ಕಡೆ ಹೊರಳಿದಳು. ನನ್ನನ್ನು ತುಂಬ ಹೊತ್ತು ನೋಡಿದಳು. ಸೀರೆಯನ್ನು ನನ್ನ ತೊಡೆಯ ಮೇಲಿಂದ ಎತ್ತಿ ಪಕ್ಕಕ್ಕಿಟ್ಟಳು.

ಗೊತ್ತಾಯ್ತು ಬಿಡಿ ಅಂದಳು.

ಜೂನ್ 29, ಭಾನುವಾರ

ಹೊಸ ಮಾತು: ಇಲ್ಲ.

ಬೆಳಿಗ್ಗೆ ಎದ್ದು ಪಾಯಸ ಮಾಡಿದೆವು. ಅಕ್ಕ ದೂರದಿಂದ ಬರುತ್ತಾಳೆ, ಸಿಹಿ ಮಾಡದಿದ್ದರೆ ಹೇಗೆ ಅಂದಳು. ಗೋಡಂಬಿ ಕೆಂಪಾಗುವ ಮೊದಲೇ ತೆಗೆಯಿರಿ ಅಂದಳು, ತೆಗೆದೆ. ಹಾಲಿಗೆ ಏಲಕ್ಕಿ ಕಡಿಮೆ ಹಾಕಿದಿರಿ ಅಂದಳು, ಇನ್ನೆರಡು ಕುಟ್ಟಿ ಹಾಕಿದೆ. ಅತ್ತಿಗೆ ಕಾರಿನಿಂದ ಇಳಿಯುವ ಹೊತ್ತಿಗೆ ಪಾತ್ರೆ ಇಳಿಸಿ ಆಗಿತ್ತು.

ಅತ್ತಿಗೆ ಕೈಕಾಲು ತೊಳೆದು ಬಂದು ಮೊದಲು ಕೇಳಿದ್ದು ಅದನ್ನೇ.

"ಹೊಸ ಮಾತು ಬಂತಾ?"

ಬಂದಿಲ್ಲ ಎಂದೆ. ಅವರ ಮುಖ ಸಣ್ಣಗಾಯಿತು. ಅವರಿಗೂ ಬರಲಿ ಎಂದೇ ಇತ್ತು, ಅದು ನನಗೆ ಗೊತ್ತು. ತಂಗಿಯ ತಲೆ ಸವರಿದರು, ಸೆರಗಿನಲ್ಲಿ ಮೂಗೊರೆಸಿಕೊಂಡರು.

"ಸರಿ, ಹೊರಡೋಣ ಹಾಗಾದರೆ. ಪೆಟ್ಟಿಗೆ ಎಲ್ಲಿ?"

"ಪಾಯಸ ತಿಂದು ಮಾತಾಡೋಣ ಅತ್ತಿಗೆ."

ಬಟ್ಟಲು ಕೊಟ್ಟೆ. ನನ್ನ ಹಳೆಯ ಪಾಯಸಗಳ ಕಥೆ ಕೇಳಿದವರಾದ್ದರಿಂದ ತುದಿ ನಾಲಿಗೆಗೆ ಅಷ್ಟೇ ಅಷ್ಟು ಮುಟ್ಟಿಸಿದರು. ಆಮೇಲೆ ಒಂದು ಚಮಚ ತಿಂದರು. ಆಮೇಲೆ ಅಗಿಯುವುದನ್ನೇ ನಿಲ್ಲಿಸಿದರು.

"ಇದು ಇವಳ ಪಾಯಸ. ಈ ಕರುಕುರು ಎಲ್ಲಿಂದ ಬರುತ್ತೆ ಅಂತ ಮದುವೆಯಾದಾಗಿನಿಂದ ಕೇಳಿದೀನಿ, ಬಾಯಿ ಬಿಟ್ಟಿರಲಿಲ್ಲ ಇವಳು. ನಿನಗೆ ಹೇಗೆ ಗೊತ್ತಾಯ್ತು?"

"ಇವಳೇ ಹೇಳಿದಳು."

"ಯಾವಾಗ?"

"ಮೊನ್ನೆ, ಮಾಡೋವಾಗ."

"ಈಗ ತಾನೇ ಮಾತು ಬಂದಿಲ್ಲ ಅಂದೆ?"

"ಬಂದಿಲ್ಲ ಅತ್ತಿಗೆ. ಹೊಸದು ಬಂದಿಲ್ಲ. ಇರೋದರಲ್ಲೇ ಹೇಳ್ತಾಳೆ. ಎಳೆದು ಅಂದರೆ ನೀರು, ಕಡಿದಂತೆ ಅಂದರೆ ಬೇಡ, ಎರಡು ಸಲ ಮೆತ್ತಗೆ ಅಂದರೆ ಬೆನ್ನು ನೋವು. ಒಲೆ ಮುಂದೆ ಕೂತರೆ ಉರಿ ಎಷ್ಟು, ತುಪ್ಪ ಎಷ್ಟು, ಎಲ್ಲ ಹೇಳ್ತಾಳೆ. ಮೊನ್ನೆ ಬೇಕರಿಯವನು ನೇರಳೆ ಸೂಟೇ ಬೇಕು ಅಂತ ಹಟ ಹಿಡಿದಾಗ ಇವಳು..."

ನಾನು ಹೇಳುತ್ತಲೇ ಹೋದೆನೇನೋ. ಅತ್ತಿಗೆ ಚಮಚ ಹಿಡಿದ ಕೈಯನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿಕೊಂಡು ನನ್ನನ್ನೇ ನೋಡುತ್ತಿದ್ದರು.

"ನನ್ನ ಎದುರಿಗೆ ನೀನು ಒಟ್ಟಿಗೆ ಇಷ್ಟು ಮಾತಾಡಿದ್ದು ನಾನು ಕಂಡೇ ಇಲ್ಲ" ಎಂದರು ಮೆಲ್ಲಗೆ.

ಆಮೇಲೆ ಬಟ್ಟಲು ಕೆಳಗಿಟ್ಟು ತಂಗಿಯ ಕಡೆ ತಿರುಗಿದರು. "ನಾವಿಬ್ಬರೂ ಮಾತಾಡ್ಕೊಂಡು ಏನು ಪ್ರಯೋಜನ. ನೀನೇ ಹೇಳು ಕಣೆ. ನಮ್ಮನೆಗೆ ಬರ್ತೀಯಾ, ಇಲ್ಲೇ ಇರ್ತೀಯಾ?"

ಅವಳು ಅಕ್ಕನನ್ನು ನೋಡಿದಳು. ನನ್ನನ್ನು ನೋಡಿದಳು. ತುಟಿ ಅಲುಗಿತು, ಏನೋ ಬೇರೆಯೇ ಮಾತಿಗೆ ಬಾಯಿ ಮಾಡಿದಳು, ಅದು ಬರಲಿಲ್ಲ. ಮತ್ತೆ ಮಾಡಿದಳು, ಬರಲಿಲ್ಲ. ಹಣೆಯ ಮೇಲೆ ಬೆವರು ಮೂಡಿತು. ಕೊನೆಗೆ ಎಡಗೈ ಚಾಚಿ, ನನ್ನ ಕುತ್ತಿಗೆಯಿಂದ ಇಳಿಬಿದ್ದಿದ್ದ ಅಳತೆ ಟೇಪಿನ ತುದಿಯನ್ನು ಹಿಡಿದು ಎಳೆದಳು.

"ಶಾವಿಗೆ."

ಅತ್ತಿಗೆ ನಿಟ್ಟುಸಿರಿಟ್ಟು ಪಾತ್ರೆಗೆ ಕೈ ಹಾಕಿದರು. "ಇನ್ನೂ ಸ್ವಲ್ಪ ಬೇಕಾ? ಕೊಡ್ತೀನಿ ಇರು. ನಮ್ಮನೇಲೂ ದಿನಾ ಮಾಡಿಕೊಡ್ತೀನಿ, ಆಯ್ತಾ?"

"ಪಾಯಸ ಅಲ್ಲ ಅತ್ತಿಗೆ" ಎಂದೆ. ಮುಂದಿನ ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು. ಈ ಸಲ ಬಿಡಲಿಲ್ಲ, ಎಳೆದು ತಂದೆ. "ಅದು ನಾನು."

ಅತ್ತಿಗೆಯ ಕೈ ಪಾತ್ರೆಯಲ್ಲೇ ನಿಂತಿತು. ಅವಳು ಟೇಪು ಬಿಡಲಿಲ್ಲ. ಮೊದಲ ಅಕ್ಷರಕ್ಕೆ ಒತ್ತು ಕೊಟ್ಟು, ಕೊನೆಯದನ್ನು ಮೇಲಕ್ಕೆತ್ತಿ, ಇನ್ನೊಮ್ಮೆ ಕರೆದಳು. ಅತ್ತಿಗೆ ಅದನ್ನು ಕೇಳಿಸಿಕೊಂಡರು. ಕೇಳಿಸಿಕೊಂಡು, ಸೆರಗು ಬಾಯಿಗೆ ಒತ್ತಿ ಅತ್ತರು.

ಊಟ ಮಾಡಿಕೊಂಡು ಒಬ್ಬರೇ ಹೊರಟರು. ಉಳಿದ ಪಾಯಸವನ್ನು ಡಬ್ಬಿಗೆ ಹಾಕಿಕೊಂಡು ಹೋದರು, ಸೊಸೆಗೆ ತೋರಿಸಬೇಕಂತೆ. ಕಾರಿನ ಕಿಟಕಿ ಇಳಿಸಿ, ನೀನು ಯಾವಾಗಿನಿಂದ ಹೀಗಾದೆಯೋ ಮಹರಾಯ ಎಂದರು. ಹೇಗಾದೆ ಎಂದು ಕೇಳುವಷ್ಟರಲ್ಲಿ ಕಾರು ಹೊರಟಿತು.

ಅತ್ತಿಗೆಗೆ ವಯಸ್ಸಾಗುತ್ತಿದೆ. ನಾನು ಮೊದಲಿನಿಂದಲೂ ಇರುವುದೇ ಹೀಗೆ. ಒಳಗೆ ಬಂದು ಪೆಟ್ಟಿಗೆಯಿಂದ ಸೀರೆಗಳನ್ನು ತೆಗೆದು ಕಪಾಟಿಗೆ ಇಡುತ್ತಾ ಇದನ್ನೇ ಅವಳಿಗೆ ಹೇಳಿದೆ. ಅತ್ತಿಗೆಯ ಕಾರಿನ ಬಣ್ಣ ಚೆನ್ನಾಗಿಲ್ಲ ಎಂದೆ. ನಾಳೆ ನೇರಳೆ ಸೂಟಿಗೆ ಬೇರೆ ಬಟ್ಟೆ ತರಬೇಕು, ಬೇಕರಿಯವನಿಗೆ ಏನೆಂದು ಹೇಳುವುದೋ ಎಂದೆ. ನೀನು ಜೊತೆಗೆ ಬಾ, ನಿನ್ನನ್ನು ನೋಡಿದರೆ ಅವನು ಕೂಗಾಡುವುದಿಲ್ಲ ಎಂದೆ. ಹಾಗೇ ದಾರಿಯಲ್ಲಿ ಸಕ್ಕರೆಯನ್ನೂ ತರೋಣ ಎಂದೆ.

ಅವಳು ಕಣ್ಣು ಮುಚ್ಚಿಕೊಂಡು ನಗುತ್ತಿದ್ದಳು. ಎಷ್ಟು ಮಾತಾಡ್ತೀರಿ, ಸ್ವಲ್ಪ ಸುಮ್ಮನಿರಿ ಅಂದಳು.